ಹಿಮಬಂಡೆ ಎತ್ತ ಸಾಗಿತು, ನೀರು ಎತ್ತ ಹರಿಯಿತು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಗ್ರೀನ್‌ಲ್ಯಾಂಡಿನ ಫ್ಯೋರ್ಡ್‌ಗಳಲ್ಲಿ ತೇಲುವ ಹಿಮಬಂಡೆಗಳ ಮೇಲೆ ಜಿಪಿಎಸ್ ಇಟ್ಟು, ಅವು ಸಾಗಿದ ದಾರಿಯಿಂದ ಕಡಲ ನೀರಿನ ಓಟ ತಿಳಿಯುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಹಾಕಿದ್ದೆವು. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಕಿರಿದಾದ, ತುಂಬ ಆಳದ ಕೊಲ್ಲಿಗೆ ಫ್ಯೋರ್ಡ್ ಎನ್ನುತ್ತಾರೆ. ಟಿಪ್ಪಣಿ ಓದಿ ಬಂದ ಪತ್ರಗಳಲ್ಲಿ ಕೊಡಗಿನವೇ ಹೆಚ್ಚು. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನೀರಿನ ವೇಗ ಬೇಕಿದ್ದರೆ ನೀರಿಗೇ ಮಾಪಕ ಇಳಿಸಬಹುದಲ್ಲ? ಹಿಮಬಂಡೆಯ ಹಿಂದೆ ಬೀಳುವುದೇಕೆ?
— ಬೋಪಣ್ಣ, ನಾಪೋಕ್ಲು

ಇಳಿಸುತ್ತಾರೆ ಬೋಪಣ್ಣನವರೇ, ಆದರೆ ಬೇಕಾದ ಜಾಗದಲ್ಲಿ ಅದು ಉಳಿಯುವುದಿಲ್ಲ. ಪೂರ್ವ ಗ್ರೀನ್‌ಲ್ಯಾಂಡಿನ ಸರ್ಮಿಲಿಕ್ ಫ್ಯೋರ್ಡ್ ನೋಡಿ. ಅದರ ಉದ್ದ 80 ಕಿ.ಮೀ. ಮೀರುತ್ತದೆ, ಆಳ 600ರಿಂದ 900 ಮೀಟರ್. ತಲೆಯ ಕಡೆ ಹೆಲ್‌ಹೈಮ್ ಹಿಮನದಿ ಬಂದು ಕಡಲಿಗೆ ಮುರಿದು ಬೀಳುತ್ತದೆ. ತಳಕ್ಕೆ ಲಂಗರು ಹಾಕಿ ತಂತಿಯುದ್ದಕ್ಕೂ ಮಾಪಕ ಕಟ್ಟಿದರೆ, ಮೇಲಿನ 200 ಮೀಟರ್‌ನಲ್ಲಿ ಇರುವುದನ್ನೆಲ್ಲ ಹಾದುಹೋಗುವ ಹಿಮಬಂಡೆಯ ಬುಡ ಕಿತ್ತೊಯ್ಯುತ್ತದೆ. ಆದ್ದರಿಂದ ಅಲ್ಲಿ ಲಂಗರಿನ ಮಾಪಕಗಳನ್ನು ತೀರಾ ಕೆಳಗೇ ನಿಲ್ಲಿಸಬೇಕಾಗುತ್ತದೆ. ಹಿಮನದಿಯ ಮುಂದೆ ಮುರಿದ ಮಂಜುಗಡ್ಡೆ ಒತ್ತೊತ್ತಾಗಿ ತುಂಬಿರುವುದರಿಂದ ಹಡಗೂ ಹೋಗಲಾರದು. ಮಾಮೂಲಿ ತೇಲುಬುರುಡೆ ಬಿಟ್ಟರೆ ಅದು ಹೇಳುವುದು ಮೇಲಿನ ಒಂದೆರಡು ಮೀಟರ್ ನೀರಿನ ಸುದ್ದಿ ಮಾತ್ರ.

ಇಲ್ಲಿ ತಿಳಿಯಬೇಕಿರುವುದು ಪದರಗಳ ಸುದ್ದಿ. ಸರ್ಮಿಲಿಕ್‌ನಲ್ಲಿ ಮೇಲಿನ ಸುಮಾರು 150–200 ಮೀಟರ್‌ವರೆಗೆ ಉತ್ತರ ಧ್ರುವದ ಕಡೆಯಿಂದ ಬಂದ ತಣ್ಣನೆಯ, ಉಪ್ಪು ಕಡಿಮೆಯ ನೀರು. ಅದರ ಕೆಳಗೆ ಅಟ್ಲಾಂಟಿಕ್‌ನ 3ರಿಂದ 4 ಡಿಗ್ರಿ ಸೆಲ್ಸಿಯಸ್‌ನ ಉಪ್ಪು ನೀರು. ಕೆಳಗಿನದು ಬೆಚ್ಚಗಿದ್ದೂ ಉಪ್ಪಿನಿಂದಾಗಿ ಭಾರ. ಅದಕ್ಕೇ ಅಡಿಯಲ್ಲಿ ನಿಲ್ಲುತ್ತದೆ. ಕಡಲ ನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿ ಹತ್ತಿರ, ಹಾಗಾಗಿ 4 ಡಿಗ್ರಿ ಎಂಬುದು ಹಿಮನದಿಯ ಬುಡಕ್ಕೆ ಸಾಕಷ್ಟು ಬಿಸಿ. ಆ ನೀರು ಎಷ್ಟು ಬೇಗ ಒಳಗೆ ಬರುತ್ತದೆ, ಕರಗಿದ ನೀರು ಯಾವ ಆಳದಲ್ಲಿ ಹೊರಗೆ ಹೋಗುತ್ತದೆ ಎಂಬುದರ ಮೇಲೆ ಹಿಮನದಿ ಹಿಂದೆ ಸರಿಯುವ ವೇಗ ನಿಂತಿದೆ. 200 ಮೀಟರ್ ಮುಳುಗಿದ ಹಿಮಬಂಡೆ ಆ 200 ಮೀಟರ್ ನೀರಿನ ತಳ್ಳಾಟವನ್ನೆಲ್ಲ ಒಟ್ಟಿಗೆ ಅನುಭವಿಸುತ್ತದೆ. ನಮಗೆ ಬೇಕಾದ ಮಾಪಕ ಅದೇ, ಯಾರೂ ಕಟ್ಟದೆ ತಾನಾಗಿ ಸಿಕ್ಕಿದ್ದು.

ಆದರೆ ಒಂದು ಷರತ್ತಿದೆ. ಬಂಡೆ ಎಷ್ಟು ಆಳ ಮುಳುಗಿದೆ ಎಂದು ಗೊತ್ತಿರಬೇಕು. ಅದಿಲ್ಲದಿದ್ದರೆ ಎಷ್ಟೇ ನಿಖರವಾದ ಜಿಪಿಎಸ್ ದಾರಿ ಸಿಕ್ಕರೂ ಅದರಿಂದ ನೀರಿನ ಬಗ್ಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮುಂದೆಯೂ ಈ ಮಾತು ಬರುತ್ತದೆ.

ಬಂಡೆಯ ಮೇಲಿಡುವ ಪೆಟ್ಟಿಗೆಯಲ್ಲಿ ಏನೇನಿರುತ್ತದೆ? ಇಡುವುದು ಹೇಗೆ? ಎಷ್ಟು ದಿನ ಬಾಳುತ್ತದೆ?
— ಪೂವಮ್ಮ, ಭೌತವಿಜ್ಞಾನ ಉಪನ್ಯಾಸಕಿ, ವಿರಾಜಪೇಟೆ

ಒಳಗಿರುವುದು ಜಿಪಿಎಸ್ ಗ್ರಾಹಕ, ಇರಿಡಿಯಂ ಉಪಗ್ರಹ ಮೋಡೆಮ್, ಎರಡಕ್ಕೂ ಆಂಟೆನಾ, ಒಂದು ಸಣ್ಣ ನಿಯಂತ್ರಕ ಬೋರ್ಡ್ ಮತ್ತು ಬ್ಯಾಟರಿ. ಇರಿಡಿಯಂ ಯಾಕೆಂದರೆ ಅದರ 66 ಉಪಗ್ರಹಗಳು ಧ್ರುವಗಳ ಮೇಲೆಯೇ ಸುತ್ತುತ್ತವೆ. ನಮ್ಮ ಟಿವಿ ಡಿಶ್ ನೋಡುವಂಥ ಭೂಸ್ಥಿರ ಉಪಗ್ರಹ 66 ಡಿಗ್ರಿ ಅಕ್ಷಾಂಶದಲ್ಲಿ ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ಫ್ಯೋರ್ಡಿನ ಕಡಿದಾದ ಗೋಡೆ ಅದನ್ನು ಮರೆಮಾಡುತ್ತದೆ.

ಬ್ಯಾಟರಿಗೆ ಲಿಥಿಯಂ ಥಯೋನಿಲ್ ಕ್ಲೋರೈಡ್ ಜಾತಿಯ 'ಡಿ' ಸೆಲ್‌ಗಳನ್ನು ಬಳಸುತ್ತಾರೆ. ಒಂದೊಂದು 3.6 ವೋಲ್ಟ್, ಸುಮಾರು 19 ಆಂಪಿಯರ್-ಗಂಟೆ. ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ ಆ ಚಳಿಗೆ ಅರ್ಧಕ್ಕೇ ಸೋಲುತ್ತದೆ. ಲೆಕ್ಕ ಹೀಗೆ ಹಾಕಿ: ಪೆಟ್ಟಿಗೆ ಗಂಟೆಗೊಮ್ಮೆ ಎದ್ದು, ಸ್ಥಾನ ನೋಡಿ, ಸಂದೇಶ ಕಳಿಸಲು 1 ನಿಮಿಷ ಬೇಕು, ಆಗ ಸರಾಸರಿ 150 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ 2.5, ದಿನಕ್ಕೆ 60 ಮಿಲಿಆಂಪಿಯರ್-ಗಂಟೆ, ವರ್ಷಕ್ಕೆ ಸುಮಾರು 22 ಆಂಪಿಯರ್-ಗಂಟೆ. ಎರಡು ಸೆಲ್ ಸರಣಿಯಲ್ಲಿ, ಅಂಥ ಎರಡು ಸಾಲು ಸಮಾನಾಂತರದಲ್ಲಿ ಜೋಡಿಸಿದರೆ 7.2 ವೋಲ್ಟಿಗೆ 38 ಆಂಪಿಯರ್-ಗಂಟೆ ಸಿಗುತ್ತದೆ. ಚಳಿಯಲ್ಲಿ ಕಳೆದುಕೊಳ್ಳುವುದು, ಮೊದಲ ಯತ್ನದಲ್ಲಿ ಹೋಗದ ಸಂದೇಶವನ್ನು ಮತ್ತೆ ಮತ್ತೆ ಕಳಿಸುವುದು, ಎಲ್ಲ ಸೇರಿ ಆ ಹೆಚ್ಚುವರಿ ಬೇಕೇ ಬೇಕು.

ಇಡುವ ಕೆಲಸವೇ ಕಷ್ಟದ್ದು. ಹಿಮಬಂಡೆ ಮುನ್ಸೂಚನೆ ಇಲ್ಲದೆ ಮಗುಚುತ್ತದೆ. ಹಾಗಾಗಿ ಹೆಲಿಕಾಪ್ಟರ್ ಬಂಡೆಯ ಮೇಲೆ ಭಾರ ಬಿಟ್ಟು ಕೂರದೆ, ಮೇಲೆ ನಿಂತು ಪೆಟ್ಟಿಗೆಯನ್ನು ಇಳಿಸುವುದು ಸುರಕ್ಷಿತ. ಡ್ರೋನ್‌ನಿಂದಲೂ ಇಳಿಸಬಹುದು, ಆದರೆ ಆಗ ಪೆಟ್ಟಿಗೆ ಹಗುರವಾಗಿರಬೇಕು, ಬ್ಯಾಟರಿ ಕಡಿಮೆಯಾಗುತ್ತದೆ. ಯಾವ ಬಂಡೆ ಎಂಬ ಆಯ್ಕೆಗೆ ಹೆಚ್ಚು ಹೊತ್ತು ಕೊಡಬೇಕು. ಮೇಲ್ಭಾಗ ಚಪ್ಪಟೆಯಾಗಿ, ಅಗಲವು ದಪ್ಪಕ್ಕಿಂತ ಹೆಚ್ಚಿರುವುದು ಒಳ್ಳೆಯದು. ಎತ್ತರವಾಗಿ ಸಪೂರ ಇರುವುದು ಇಂದಲ್ಲ ನಾಳೆ ಉರುಳುತ್ತದೆ. ಮೈಮೇಲೆ ಹೊಸ ಬಿರುಕು, ಬುಡದಲ್ಲಿ ಅಲೆ ತಿಂದ ಗುರುತು ಓರೆಯಾಗಿ ಮೇಲೆ ಎದ್ದು ಕಾಣುವುದು ಇದ್ದರೆ ಅದು ಈಗಾಗಲೇ ವಾಲಿದೆ ಎಂದರ್ಥ, ಬಿಟ್ಟುಬಿಡಬೇಕು.

ಪೆಟ್ಟಿಗೆಯನ್ನು ನಡುವೆ ಇಡಬೇಕು. ಅಂಚಿನಲ್ಲಿಟ್ಟರೆ ಬಂಡೆ ತನ್ನ ಸುತ್ತ ತಿರುಗಿದಾಗ ಜಿಪಿಎಸ್ ದಾರಿಯಲ್ಲಿ ಸುರುಳಿ ಬರುತ್ತದೆ, ನೋಡಿದವರು ನೀರಿನ ಸುಳಿ ಎಂದುಕೊಳ್ಳುತ್ತಾರೆ. ದೊಡ್ಡ ಬಂಡೆಯಾದರೆ ಎರಡು ಪೆಟ್ಟಿಗೆ ದೂರದೂರಕ್ಕೆ ಇಟ್ಟು ತಿರುಗುವಿಕೆಯನ್ನು ಬೇರ್ಪಡಿಸಬಹುದು.

ಕೆಡುವ ಬಗೆ ಹಲವು. ಗಾಢ ಬಣ್ಣದ ಪೆಟ್ಟಿಗೆ ಬಿಸಿಲು ಹೀರಿ ತನ್ನ ಕೆಳಗಿನ ಮಂಜನ್ನೇ ಕರಗಿಸಿ ಗುಂಡಿಗಿಳಿಯುತ್ತದೆ. ಆಂಟೆನಾಗೆ ಕಾಣುವ ಆಕಾಶ ಕಿರಿದಾಗಿ ಸಂದೇಶಗಳು ಒಂದೊಂದಾಗಿ ತಪ್ಪತೊಡಗುತ್ತವೆ. ಅದಕ್ಕೆ ಬಿಳಿ ಬಣ್ಣ, ಅಗಲವಾದ ತಳ. ಗೂಟ ಹೊಡೆದು ನಿಲ್ಲಿಸಿದರೆ ಬೇಸಿಗೆಯಲ್ಲಿ ಮೇಲ್ಮೈ ಕರಗಿ ಗೂಟ ಬಯಲಾಗಿ ಬೀಳುತ್ತದೆ. ತೀರಾ ಹಗುರವಾದರೆ ಹಿಮದ ಹಾಸಿನ ಮೇಲಿನಿಂದ ಕಣಿವೆಗಿಳಿಯುವ ಬಿರುಗಾಳಿ ಹೊತ್ತೊಯ್ಯುತ್ತದೆ; ಪೂರ್ವ ಗ್ರೀನ್‌ಲ್ಯಾಂಡಿನವರು ಅದಕ್ಕೆ ಪಿತೆರಾಕ್ ಎನ್ನುತ್ತಾರೆ. ಎಲ್ಲ ಸರಿ ಇದ್ದೂ ಬಂಡೆ ಮಗುಚಿದರೆ ಆ ಕ್ಷಣಕ್ಕೆ ಸದ್ದು ನಿಂತುಹೋಗುತ್ತದೆ. ಈ ಪೆಟ್ಟಿಗೆಗಳನ್ನು ಮರಳಿ ತರುವ ಲೆಕ್ಕ ಯಾರೂ ಇಟ್ಟುಕೊಳ್ಳುವುದಿಲ್ಲ. ಕೆಲವು ವಾರಗಳಲ್ಲಿ ಹೋಗುತ್ತವೆ, ಕೆಲವು ಫ್ಯೋರ್ಡ್ ದಾಟಿ ಹೊರಗಡಲಿಗೆ ಹೋದಮೇಲೂ ಮಾತಾಡುತ್ತಿರುತ್ತವೆ.

ಮುಳುಗಿದ ಭಾಗದ ಆಳವನ್ನು ಮೇಲಿನಿಂದ ಹೇಗೆ ಹೇಳುತ್ತಾರೆ? ಜಿಪಿಎಸ್ ಸ್ಥಾನದಿಂದ ನೀರಿನ ವೇಗಕ್ಕೆ ಹೋಗುವ ಲೆಕ್ಕವನ್ನು ಸಂಖ್ಯೆ ಹಾಕಿ ತೋರಿಸುತ್ತೀರಾ?
— ದೀಕ್ಷಿತ್, ಬಿ.ಎಸ್ಸಿ. ವಿದ್ಯಾರ್ಥಿ, ಕುಶಾಲನಗರ

ಮೊದಲು ಆಳ. ಮಂಜುಗಡ್ಡೆಯ ಸಾಂದ್ರತೆ ಘನ ಮೀಟರಿಗೆ 917 ಕೆ.ಜಿ., ಫ್ಯೋರ್ಡ್ ನೀರಿನದು ಸುಮಾರು 1027. ಭಾಗಿಸಿದರೆ 0.893, ಅಂದರೆ ಬಂಡೆಯ 89 ಶೇಕಡ ನೀರೊಳಗೆ. ಚಪ್ಪಟೆ ಬಂಡೆ ನೀರಿನ ಮೇಲೆ 25 ಮೀಟರ್ ಎದ್ದಿದ್ದರೆ ಒಟ್ಟು ದಪ್ಪ 25 ÷ 0.107, ಅಂದರೆ 234 ಮೀಟರ್. ಮುಳುಗಿದ್ದು 209 ಮೀಟರ್. ಎತ್ತರ ಅಳೆಯುವಾಗ 1 ಮೀಟರ್ ತಪ್ಪಿದರೆ ಆಳದಲ್ಲಿ 8 ಮೀಟರ್ ತಪ್ಪು ಬರುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೊಂದು: 89 ಶೇಕಡ ಎಂಬುದು ಗಾತ್ರದ ಲೆಕ್ಕ, ಆಳದ್ದಲ್ಲ. ಶಿಖರದಂತೆ ಚೂಪಾಗಿ ಎದ್ದ ಬಂಡೆಗೆ ಇದೇ ಗುಣಕ ಹಾಕಿದರೆ ಇಲ್ಲದ ಆಳವೆಲ್ಲ ಬಂದುಬಿಡುತ್ತದೆ. ಹೆಲಿಕಾಪ್ಟರ್ ಚಿತ್ರಗಳಿಂದಲೋ ಉಪಗ್ರಹದ ಜೋಡಿ ಚಿತ್ರಗಳಿಂದಲೋ ಮೇಲ್ಭಾಗದ ಪೂರ್ತಿ ಆಕಾರ ಮಾಡಿ, ನೀರಿನ ಮೇಲಿನ ಗಾತ್ರ ಹಿಡಿದು ಹೋಗುವುದು ಸರಿಯಾದ ಕ್ರಮ.

ಈಗ ವೇಗ. ಒಂದು ಡಿಗ್ರಿ ಅಕ್ಷಾಂಶ ಎಲ್ಲೆಡೆಯೂ ಸುಮಾರು 111 ಕಿ.ಮೀ. ಒಂದು ಡಿಗ್ರಿ ರೇಖಾಂಶ ಮಾತ್ರ ಧ್ರುವದ ಕಡೆ ಹೋದಂತೆ ಕುಗ್ಗುತ್ತದೆ. ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಕುಶಾಲನಗರದಲ್ಲಿ ಅದು 108 ಕಿ.ಮೀ. ದಾಟುತ್ತದೆ, 66 ಡಿಗ್ರಿಯಲ್ಲಿ ಬರೀ 45. ಬಂಡೆ ಒಂದು ಗಂಟೆಯಲ್ಲಿ ಅಕ್ಷಾಂಶದಲ್ಲಿ 0.004, ರೇಖಾಂಶದಲ್ಲಿ 0.010 ಡಿಗ್ರಿ ಸರಿಯಿತು ಎನ್ನಿ. ಒಂದು ಕಡೆಗೆ 444 ಮೀಟರ್, ಇನ್ನೊಂದು ಕಡೆಗೆ 451. ಎರಡರ ಕರ್ಣ 633 ಮೀಟರ್. 3600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 0.176 ಮೀಟರ್.

ಗಂಟೆಗೊಮ್ಮೆ ಸಾಕೇ, ನಿಮಿಷಕ್ಕೊಮ್ಮೆ ನೋಡಿದರೆ ಇನ್ನೂ ಚೆನ್ನಲ್ಲವೇ ಎಂದು ನೀವು ಕೇಳಿದ್ದೀರಿ. ಚೆನ್ನಲ್ಲ. ಪ್ರತಿ ಸ್ಥಾನದಲ್ಲೂ 5 ಮೀಟರ್ ತಪ್ಪಿದ್ದರೆ ಎರಡು ಸ್ಥಾನಗಳ ನಡುವಿನ ದೂರದಲ್ಲಿ ಸುಮಾರು 7 ಮೀಟರ್ ತಪ್ಪು. ಅದನ್ನು 60 ಸೆಕೆಂಡಿಗೆ ಭಾಗಿಸಿದರೆ 0.12, ಬಂಡೆಯ ನಿಜವಾದ ವೇಗದಷ್ಟೇ ಹತ್ತಿರ. ಒಂದು ಗಂಟೆಗೆ ಹರಡಿದರೆ 0.002, ಲೆಕ್ಕಕ್ಕಿಲ್ಲ. ಬ್ಯಾಟರಿಯೂ ಉಳಿಯುತ್ತದೆ.

ಬಂದ ವೇಗದಲ್ಲಿ ಉಬ್ಬರವಿಳಿತದ ಹೋಗು-ಬರುವೂ ಸೇರಿರುತ್ತದೆ. ಮುಖ್ಯ ಉಬ್ಬರದ ಆವರ್ತ 12.4 ಗಂಟೆ; ಸುಮಾರು 25 ಗಂಟೆಯ ಚಲಿಸುವ ಸರಾಸರಿ ತೆಗೆದರೆ ಅದು ಕಳೆದುಹೋಗಿ ನಿಧಾನದ ಓಟ ಉಳಿಯುತ್ತದೆ. ಬಂಡೆಯ ಬುಡ ನೆಲಕ್ಕೆ ತಾಗಿ ನಿಂತ ದಿನಗಳನ್ನು ಮೊದಲೇ ತೆಗೆದುಹಾಕಬೇಕು. ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಹಿಮಫ್ಯೋರ್ಡಿನ ಬಾಯಲ್ಲಿ ಕಡಲ ತಳ ಎತ್ತರದ ದಿಣ್ಣೆಯಾಗಿದೆ, ದೊಡ್ಡ ಬಂಡೆಗಳು ಅಲ್ಲಿ ಸಿಕ್ಕಿಕೊಂಡು ಬಹುಕಾಲ ನಿಲ್ಲುತ್ತವೆ. ಅಲ್ಲಿನ ಸೊನ್ನೆ ವೇಗ ನೀರಿನದಲ್ಲ.

ಇನ್ನು ತಿರುಳು. ಮೇಲಿನ 50 ಮೀಟರ್ ನೀರು ಸೆಕೆಂಡಿಗೆ 0.20 ಮೀಟರ್‌ನಂತೆ ಹೊರಗೆ, ಅದರ ಕೆಳಗಿನ 150 ಮೀಟರ್ 0.05ರಂತೆ ಒಳಗೆ ಹರಿಯುತ್ತಿದೆ ಎಂದುಕೊಳ್ಳಿ. 50 ಮೀಟರ್ ಮುಳುಗಿದ ಸಣ್ಣ ಬಂಡೆ 0.20ರಲ್ಲಿ ಹೊರಗೆ ಓಡುತ್ತದೆ. 200 ಮೀಟರ್ ಮುಳುಗಿದ್ದಕ್ಕೆ ಸರಳ ಸರಾಸರಿ ತೆಗೆದರೆ (50 × 0.20 − 150 × 0.05) ÷ 200, ಅಂದರೆ 0.0125, ನಿಂತಂತೆಯೇ. ವಾಸ್ತವದಲ್ಲಿ ನೀರಿನ ಒತ್ತು ವೇಗವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಜೋರಾಗಿ ಹರಿಯುವ ಮೇಲಿನ ಪದರದ ಕೈ ಮೇಲಾಗುತ್ತದೆ. ಎರಡೂ ಒತ್ತು ಸಮನಾಗುವ ವೇಗ ಬಿಡಿಸಿದರೆ ಸುಮಾರು 0.04 ಬರುತ್ತದೆ. ಬೇರೆ ಬೇರೆ ಆಳದ ಬಂಡೆಗಳನ್ನು ಒಂದೇ ವಾರದಲ್ಲಿ ಹಿಂಬಾಲಿಸಿದರೆ ಇದೇ ಲೆಕ್ಕವನ್ನು ಹಿಂದಕ್ಕೆ ನಡೆಸಿ ಪದರಗಳ ವೇಗ ತೆಗೆಯಬಹುದು. ಒಂದೇ ಬಂಡೆಯಿಂದ ಇದು ಆಗದು.

ಗಾಳಿ ತಳ್ಳುವುದಿಲ್ಲವೇ? ಫ್ಯೋರ್ಡ್ ನೀರು ಹರಿಯುವುದಾದರೂ ಯಾಕೆ?
— ಕಾವೇರಮ್ಮ, ಸಿದ್ದಾಪುರ

ಗಾಳಿ ಸಣ್ಣ ತುಂಡುಗಳನ್ನು ಚೆನ್ನಾಗಿಯೇ ತಳ್ಳುತ್ತದೆ, ತನ್ನ ವೇಗದ ಸುಮಾರು 2 ಶೇಕಡದಷ್ಟು. ಸೆಕೆಂಡಿಗೆ 20 ಮೀಟರ್ ಗಾಳಿಗೆ 0.4 ಮೀಟರ್. ಆಳದ ಬಂಡೆಯಲ್ಲಿ ಗಾಳಿಗೆ ಸಿಗುವ ಮೈಗಿಂತ ನೀರಿಗೆ ಸಿಗುವುದು ಎಂಟು ಪಟ್ಟು, ನೀರು ಗಾಳಿಗಿಂತ ಎಂಟುನೂರು ಪಟ್ಟು ಭಾರ. ಹಾಗಾಗಿ ಗಾಳಿಗೆ ಎದುರಾಗಿ ಹೋಗುವ ದೊಡ್ಡ ಬಂಡೆ ಅಪರೂಪದ ದೃಶ್ಯವಲ್ಲ. ಬಿರುಗಾಳಿಯ ದಿನಗಳನ್ನು ಮಾತ್ರ ಪ್ರತ್ಯೇಕ ಗುರುತುಹಾಕಿ ನೋಡಬೇಕು.

ಹರಿವಿಗೆ ಎರಡು ದೊಡ್ಡ ಕಾರಣ. ಬೇಸಿಗೆಯಲ್ಲಿ ಹಿಮನದಿಯ ಮೇಲೆ ಕರಗಿದ ನೀರು ಬಿರುಕುಗಳಲ್ಲಿ ಇಳಿದು, ಅಡಿಯಲ್ಲಿ ಹರಿದು, ಹಿಮನದಿಯ ಬುಡದಲ್ಲಿ ಕಡಲಿಗೆ ಚಿಮ್ಮುತ್ತದೆ. ಸಿಹಿನೀರಾದ್ದರಿಂದ ಹಗುರ, ಮೇಲೇಳುತ್ತದೆ; ಏಳುವಾಗ ಸುತ್ತಲಿನ ಬೆಚ್ಚನೆಯ ಉಪ್ಪುನೀರನ್ನೂ ಎಳೆದುಕೊಂಡು ಹಿಮದ ಗೋಡೆಯನ್ನು ತಿನ್ನುತ್ತದೆ. ಮೇಲೆ ಬಂದದ್ದು ಹೊರಗೆ ಹರಿಯುತ್ತದೆ, ಅದರ ಬದಲಿಗೆ ಅಡಿಯಲ್ಲಿ ಹೊಸ ಕಡಲ ನೀರು ಒಳಬರುತ್ತದೆ. ಚಳಿಗಾಲದಲ್ಲಿ ಈ ಪಂಪು ಬಹುತೇಕ ನಿಲ್ಲುತ್ತದೆ. ಆಗ ಹೊರಗಡಲಿನ ಕೈವಾಡ: ಕರಾವಳಿಯುದ್ದಕ್ಕೂ ಬೀಸುವ ಗಾಳಿ ನೀರನ್ನು ದಡಕ್ಕೆ ಒತ್ತಿದರೆ ಮೇಲಿನ ಪದರ ಫ್ಯೋರ್ಡಿನೊಳಕ್ಕೆ ನುಗ್ಗುತ್ತದೆ, ಕೆಳಗಿನದು ಹೊರಕ್ಕೆ, ಗಾಳಿ ಸಡಿಲಿದಾಗ ಎರಡೂ ತಿರುಗುಮುರುಗು. ಕೆಲವೇ ದಿನಗಳಲ್ಲಿ ದಿಕ್ಕು ಬದಲಿಸುವ ಈ ಓಟ ಬೇಸಿಗೆಯದಕ್ಕಿಂತ ಎಷ್ಟೋ ಸಲ ಜೋರು. ಬಂಡೆಗಳ ದಾರಿಯಲ್ಲಿ ಒಳಕ್ಕೆ-ಹೊರಕ್ಕೆ ಎಳೆದಾಟ ಕಾಣುವುದು ಇದರಿಂದ. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಹರಿವು ತನ್ನ ಬಲದ ದಡಕ್ಕೆ ಒತ್ತಿಕೊಳ್ಳುತ್ತದೆ ಎಂಬುದೂ ಅಗಲವಾದ ಫ್ಯೋರ್ಡ್‌ಗಳಲ್ಲಿ ಗೊತ್ತಾಗುತ್ತದೆ.

ಉಪಗ್ರಹ ಚಿತ್ರ ಸಾಲದೇ? ನಮ್ಮ ದೇಶ ಇಂಥ ಕೆಲಸದಲ್ಲಿ ಇದೆಯೇ?
— ಇಬ್ಬರು ಓದುಗರು, ಸೋಮವಾರಪೇಟೆ ಮತ್ತು ಮಡಿಕೇರಿ

ಹಿಮನದಿಯ ಮುಂದಿನ ಗಿಜಿಗಿಜಿ ಗಡ್ಡೆಗಳ ಜಾಗಕ್ಕೆ ಸಾಕು. ಅಲ್ಲಿ ಬಂಡೆಗಳು ಹಿಮನದಿಯ ವೇಗದಲ್ಲೇ ಸರಿಯುತ್ತವೆ, ಹೆಲ್‌ಹೈಮ್‌ನಲ್ಲಿ ದಿನಕ್ಕೆ ಸುಮಾರು 20 ಮೀಟರ್. ವಾರ ಬಿಟ್ಟು ತೆಗೆದ ಎರಡು ಚಿತ್ರದಲ್ಲೂ ಅದೇ ಬಂಡೆಯನ್ನು ಗುರುತಿಸಬಹುದು. ತೆರೆದ ನೀರಿಗೆ ಬಂದಮೇಲೆ ಆಗದು. ಯುರೋಪಿನ ಸೆಂಟಿನೆಲ್-1 ರೇಡಾರ್ ಮೋಡವನ್ನೂ ಧ್ರುವದ ಕತ್ತಲನ್ನೂ ದಾಟಿ ನೋಡುತ್ತದೆ. ಆದರೂ ಮತ್ತೆ ಅದೇ ಜಾಗಕ್ಕೆ ಬರುವಷ್ಟರಲ್ಲಿ ಬಂಡೆ ಎಷ್ಟೋ ಕಿಲೋಮೀಟರ್ ಹೋಗಿ, ಒಡೆದು, ಬೇರೆ ಮುಖ ಹೊತ್ತಿರುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ಕೂಡ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುವಂಥದ್ದು. ಹಿಮನದಿಯ ಓಟಕ್ಕೆ ಅದು ಬಹಳ ಒಳ್ಳೆಯದು. ಗಂಟೆಗಟ್ಟಲೆಯಲ್ಲಿ ದಿಕ್ಕು ಬದಲಿಸುವ ಬಂಡೆಗೆ ಮೈಮೇಲಿನ ಜಿಪಿಎಸ್ಸೇ ಬೇಕು.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರ ಜುಲೈನಿಂದ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನೀ-ಓಲೆಸುಂಡ್‌ನಲ್ಲಿದೆ, ಕೊಂಗ್ಸ್‌ಫ್ಯೋರ್ಡನ್ ಎಂಬ ಫ್ಯೋರ್ಡಿನ ದಡದಲ್ಲೇ. 2014ರಲ್ಲಿ ಅದೇ ಫ್ಯೋರ್ಡಿನಲ್ಲಿ ಇಂಡ್‌ಆರ್ಕ್ ಎಂಬ ಲಂಗರು ಮಾಪಕವನ್ನು ಇಳಿಸಲಾಯಿತು. ಅಲ್ಲಿ ಕಳಚುವ ಗಡ್ಡೆಗಳು ಚಿಕ್ಕವು, ಹಾಗಾಗಿ ಲಂಗರು ಬಾಳುತ್ತದೆ. ಧ್ರುವ ಸಂಶೋಧನೆಯ ನಮ್ಮ ಕೇಂದ್ರ ಇರುವುದು ಗೋವಾದಲ್ಲಿ. ಕೊಡಗಿನ ವಿದ್ಯಾರ್ಥಿಗಳಿಗೆ ದೂರವೇನಲ್ಲ.

ಶಾಲೆಯ ವಿಜ್ಞಾನ ಸಂಘಕ್ಕೆ ಇದನ್ನು ಮಾಡಿ ತೋರಿಸುವ ಆಸೆ. ಪಕ್ಕದ ಕಾಫಿ ತೋಟದವರು ಕೆರೆ ಕೊಡಲು ಒಪ್ಪಿದ್ದಾರೆ: ಸುಮಾರು 80 ಮೀಟರ್ ಉದ್ದ, ನಡುವೆ 5 ಮೀಟರ್ ಆಳ. ಏನು ಮಾಡಬಹುದು?
— ಶಿಕ್ಷಕರು, ಅಮ್ಮತ್ತಿ

ತುಂಬ ಸಂತೋಷ ಸರ್, ನಿಮ್ಮ ಕೆರೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಾಳಿ ಕೆರೆಯ ಮೇಲ್ಪದರವನ್ನು ಒಂದು ಏರಿಯತ್ತ ತಳ್ಳಿದಾಗ ಅಡಿಯ ನೀರು ಎದುರು ದಿಕ್ಕಿಗೆ ಮರಳುತ್ತದೆ. ಫ್ಯೋರ್ಡಿನ ಎರಡು ಪದರದ ಹರಿವಿಗೆ ಇದು ಸಣ್ಣ ಮಾದರಿ.

ಮೇಲಿನ ನೀರಿಗೆ ಕೊಡಗಿನ ಕಿತ್ತಳೆಯೇ ಸಾಕು. ಮೈಯೆಲ್ಲ ಮುಳುಗಿ ನೆತ್ತಿ ಮಾತ್ರ ಕಾಣುವಂತೆ ತೇಲುವುದರಿಂದ ಗಾಳಿಗೆ ಸಿಗುವುದಿಲ್ಲ, ಬಣ್ಣ ದೂರಕ್ಕೆ ಕಾಣುತ್ತದೆ, ಕಳೆದುಹೋದರೂ ಕೆರೆಗೆ ಕಸವಲ್ಲ. ಆಳದ ನೀರಿಗೆ ಹೀಗೆ ಮಾಡಿ: ಹಳೆಯ ಫ್ಲೆಕ್ಸ್ ಬ್ಯಾನರಿನಿಂದ 75 ಸೆಂ.ಮೀ. ಚೌಕದ ಎರಡು ಹಾಳೆ ಕತ್ತರಿಸಿ, ನಡುವೆ ಸೀಳಿ ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಸಿ, ಬಿದಿರಿನ ಸೀಳುಗಳಿಂದ ಬಿಗಿಯಿರಿ. ಕೆಳಗೆ ಸುಮಾರು 300 ಗ್ರಾಂ ಕಲ್ಲು. ಮೇಲೆ 3 ಮೀಟರ್ ಉದ್ದ, 2 ಮಿ.ಮೀ. ದಪ್ಪದ ನೈಲಾನ್ ದಾರ, ಅದರ ತುದಿಗೆ 8 ಸೆಂ.ಮೀ. ಥರ್ಮೊಕೋಲ್ ಚೆಂಡು. ಹಾಳೆಯ ಮೈ 5625 ಚದರ ಸೆಂ.ಮೀ.; ಚೆಂಡು ಮತ್ತು ದಾರ ಸೇರಿ 110. ಆಳದ ಮೈ ಉಳಿದದ್ದರ 40 ಪಟ್ಟಿಗಿಂತ ಹೆಚ್ಚಿರಬೇಕು ಎಂಬುದು ಕಡಲ ತೇಲುಬುರುಡೆ ಮಾಡುವವರ ನಿಯಮ, ನಿಮ್ಮದು 51. ಬಾಟಲಿಯನ್ನು ತೇಲುಬುರುಡೆ ಮಾಡಿದರೆ ಈ ಅನುಪಾತ ಕುಸಿಯುತ್ತದೆ, ಮೇಲಿನ ನೀರು ಬಾಟಲಿಯನ್ನು ಎಳೆದುಕೊಂಡು ಹೋಗುತ್ತದೆ.

ಬಿದಿರನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಒಣ ಬಿದಿರು ಎಲ್ಲವನ್ನೂ ಮೇಲೆತ್ತುತ್ತದೆ. ತೂಕವನ್ನು ಡ್ರಮ್ಮಿನ ನೀರಿನಲ್ಲಿ ಸರಿಮಾಡಿ: ಚೆಂಡು ಮುಕ್ಕಾಲು ಮುಳುಗುವವರೆಗೆ ಜಲ್ಲಿಕಲ್ಲು ಸೇರಿಸುತ್ತ ಹೋಗಿ. ಇದೇ ಬಗೆಯ ಇನ್ನೊಂದನ್ನು 1 ಮೀಟರ್ ದಾರದಲ್ಲಿ ಮಾಡಿದರೆ ನಡುವಿನ ಪದರವೂ ಸಿಗುತ್ತದೆ.

ಹಿಂಬಾಲಿಸಲು ಏರಿಯ ಮೇಲೆ ಟೇಪಿನಲ್ಲಿ ಅಳೆದು 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಪ್ರತಿ ಗೂಟದ ಬಳಿ ದಿಕ್ಸೂಚಿ ಹಿಡಿದ ಒಬ್ಬರು, ಬರೆಯುವವರು ಒಬ್ಬರು. 2 ನಿಮಿಷಕ್ಕೊಮ್ಮೆ ಸೀಟಿ. ಸೀಟಿಗೆ ಇಬ್ಬರೂ ಒಂದೇ ಚೆಂಡಿನ ದಿಕ್ಕು ಓದಬೇಕು. ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 5 ಮೀಟರ್ ಹಿಡಿದು ಎರಡು ಗೆರೆ ಕೂಡುವ ಜಾಗ ಗುರುತಿಸಿ. 2 ಡಿಗ್ರಿ ತಪ್ಪಿದರೆ 100 ಮೀಟರ್ ದೂರದಲ್ಲಿ 3.5 ಮೀಟರ್ ತಪ್ಪು. ಎರಡು ಗೆರೆಗಳ ನಡುವಿನ ಕೋನ 30 ಡಿಗ್ರಿಗಿಂತ ಕಡಿಮೆಯಾದರೆ ತಪ್ಪು ವಿಪರೀತ ಬೆಳೆಯುತ್ತದೆ, ಅಂಥ ಓದುಗಳನ್ನು ಬಿಡಿ. ಮೊಬೈಲಿನ ದಿಕ್ಸೂಚಿ ಪಂಪ್‌ಹೌಸ್, ಕಬ್ಬಿಣದ ತೂಬಿನ ಹತ್ತಿರ ಸುಳ್ಳು ಹೇಳುತ್ತದೆ. ಸರ್ವೆಯ ಪ್ರಿಸ್ಮ್ಯಾಟಿಕ್ ದಿಕ್ಸೂಚಿ ಸಿಕ್ಕರೆ ಉತ್ತಮ. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ಕಿತ್ತಳೆ ಸೆಕೆಂಡಿಗೆ 6 ಸೆಂ.ಮೀ. ಆಸುಪಾಸಿನಲ್ಲಿ ಹೋಗಬೇಕು. ಆಳದ್ದು ಎಷ್ಟೋ ನಿಧಾನ. ಅರ್ಧ ಗಂಟೆಯಾದರೂ ಕಾಯಿರಿ.

ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ-ಮಾರ್ಚ್‌ನಲ್ಲಿ ಮಾಡುವುದಾದರೆ ಪಂಪು ನಿಂತ ದಿನವನ್ನೇ ಆರಿಸಿ, ಇಲ್ಲವಾದರೆ ಎಲ್ಲ ಚೆಂಡುಗಳೂ ಹೀರು ಪೈಪಿನ ಕಡೆಗೇ ಹೊರಡುತ್ತವೆ. ಮಕ್ಕಳು ನೀರಿಗಿಳಿಯಲೇಬಾರದು. ತೋಟದ ಕೆರೆಯ ಹೂಳಿನಲ್ಲಿ ಕಾಲು ಹೂತುಹೋಗುತ್ತದೆ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಾದರೆ ಈಜು ಬಲ್ಲವರೂ ಜಾರುವ ಅಂಚು ಹತ್ತಿ ಬರಲಾರರು. ಬಿಡುವುದು, ತೆಗೆಯುವುದು ಎರಡನ್ನೂ ಲೈಫ್ ಜಾಕೆಟ್ ತೊಟ್ಟ ದೊಡ್ಡವರು ದೋಣಿಯಿಂದ ಮಾಡಲಿ. ಹಾರಂಗಿ ಹಿನ್ನೀರಿಗೆ ಹೋಗುವ ಯೋಚನೆಯಿದ್ದರೆ ನೀರಾವರಿ ಇಲಾಖೆಯ ಅನುಮತಿ ಮೊದಲು.

ಮೂರು ಮೀಟರ್‌ನ ಚೆಂಡೂ ಕಿತ್ತಳೆಯ ದಿಕ್ಕಿಗೇ ಹೋದರೆ ನಿರಾಶರಾಗುವ ಮೊದಲು ಮೂರು ವಿಷಯ ನೋಡಿ: ಫ್ಲೆಕ್ಸ್ ಹಾಳೆಗಳು ಮಡಚಿಕೊಂಡಿವೆಯೇ, ದಾರ ಸುತ್ತಿಕೊಂಡು ಗಿಡ್ಡವಾಗಿದೆಯೇ, ಗಾಳಿ ಎದ್ದು ಇನ್ನೂ ಒಂದು ಗಂಟೆಯೂ ಆಗಿಲ್ಲವೇ. ಚೆಂಡು ಅಲ್ಲಾಡದೆ ನಿಂತರೆ ಹಾಳೆಯ ಬುಡ ಹೂಳಿಗೆ ತಾಗಿದೆ. ಆ ಓದನ್ನು ಸೊನ್ನೆ ವೇಗವೆಂದು ಬರೆಯದೆ, 'ತಳ ತಾಗಿದೆ' ಎಂದೇ ಬರೆದು ಲೆಕ್ಕದಿಂದ ಹೊರಗಿಡಿ.